ಫೋನಿನಲ್ಲಿ ಮಗಳು ಹೇಳಿದ್ದು

ಲಿಫ್ಟ್ ರಿಪೇರಿ ಮಾಡುವವನು ಮನಸ್ಸಿನ ರಿಪೇರಿಗೆ ಹೋಗುವುದೆಂದರೆ ನನಗೇ ನಗು ಬರುತ್ತಿತ್ತು. ಆದರೂ ಹೋದೆ. ಫೋನ್ ರಿಂಗಾದರೆ ಸಾಕು, ಮೈಯೆಲ್ಲ ಗಡಗಡ ನಡುಗಿ, ಕೈಯಲ್ಲಿದ್ದ ಸ್ಪ್ಯಾನರ್ ಲಿಫ್ಟಿನ ಕೆಳಗಿನ ಹೊಂಡ ಸೇರುತ್ತಿತ್ತು. ಲಾರಿ ಗುದ್ದಿ ರಸ್ತೆಯಲ್ಲಿ ಬಿದ್ದಲ್ಲಿಂದಲೇ ಮಗಳು ನನಗೆ ಫೋನ್ ಮಾಡಿದ್ದಳು. ನನ್ನೊಡನೆ ಮಾತಾಡುತ್ತಲೇ ಹೋಗಿಬಿಟ್ಟಳು.

ಏನಂದಳೆಂದು ಹೇಳಲು ಬಾಯಿ ತೆರೆದರೆ ಉಸಿರು ಕಟ್ಟುತ್ತಿತ್ತು. ಹೆಂಡತಿ ಕೇಳುವುದನ್ನೇ ಬಿಟ್ಟಳು. ಆ ಬೆಳಿಗ್ಗೆ ತಾಯಿ ಮಗಳು ಜಗಳವಾಡಿದ್ದರು. ಮಗಳು ಮುಖ ಊದಿಸಿಕೊಂಡೇ ಮನೆಯಿಂದ ಹೊರಟಿದ್ದಳು. ಮಗಳು ಕೊನೆಯಲ್ಲಿ ಅಮ್ಮನ ಮಾತೆತ್ತಿದಳೋ ಇಲ್ಲವೋ ಎಂಬುದೇ ಹೆಂಡತಿಯನ್ನು ಒಳಗೊಳಗೇ ತಿನ್ನುತ್ತಿತ್ತು. ಅದನ್ನು ಹೇಳುವಷ್ಟು ಶಕ್ತಿ ಬರಲೆಂದೇ ನಾನು ಡಾಕ್ಟರಮ್ಮನ ಮುಂದೆ ಕೂತದ್ದು.

“ನೆನಪು ಬೀಗ ಹಾಕಿಟ್ಟ ಸಾಮಾನಲ್ಲ,” ಎಂದರು ಆಕೆ. “ನೆನೆಸ್ಕೊಂಡಾಗ ಮಿದುಳಲ್ಲಿ ಅದು ಸ್ವಲ್ಪ ಹೊತ್ತು ಮೆತ್ತಗಾಗುತ್ತೆ, ಆಮೇಲೆ ಮತ್ತೆ ಗಟ್ಟಿಯಾಗುತ್ತೆ. ಮೆತ್ತಗಿದ್ದಾಗ ಧೈರ್ಯ ಬೆರೆಸಿದ್ರೆ ಮುಂದಿನ ಸಲ ಭಯ ಕಮ್ಮಿ.”

ಕಣ್ಣು ಮುಚ್ಚಿಸಿ, ಆ ಫೋನ್ ಬಂದದ್ದನ್ನು ಹೇಳಿಸಿದರು. ಆಮೇಲೆ, ನಾನೇ ಅಲ್ಲಿಗೆ ಓಡಿ, ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ ಎಂದು ಕಲ್ಪಿಸಿಕೊಳ್ಳಿ ಎಂದರು. ಅವಳು ಏನು ಹೇಳಬೇಕೆಂದಿದ್ದಾಳೋ ಹೇಳಲಿ ಬಿಡಿ ಎಂದರು. ಹೇಳಿದಳು. ನಾನು ಗೊಳೋ ಎಂದು ಅತ್ತೆ.

“ಇದನ್ನ ಇಲ್ಲಿ ಮಾತ್ರ ಮಾಡಿ. ನಡೆದದ್ದು ಯಾವ್ದು, ಕಲ್ಪನೆ ಯಾವ್ದು ಅಂತ ಪ್ರತಿ ಸಲ ನಾವಿಬ್ರೂ ಬೇರೆ ಮಾಡ್ಬೇಕು,” ಎಂದು ಎಚ್ಚರಿಸಿದ್ದರು. ನಾನು ಕೇಳಬೇಕಲ್ಲ! ರಿಪೇರಿಯಾದ ಲಿಫ್ಟನ್ನು ನಾವು ಒಮ್ಮೆ ಓಡಿಸಿ ನಂಬುವ ಪೈಕಿಯವರಲ್ಲ. ಖಾಲಿ ಪೆಟ್ಟಿಗೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಓಡಿಸುತ್ತಲೇ ಇರುತ್ತೇವೆ. ಅದೇ ಚಾಳಿಯಲ್ಲಿ ಕೆಲಸದ ನಡುವೆ, ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ ಆ ದೃಶ್ಯವನ್ನು ಓಡಿಸಿದೆ. ನಡುಕ ನಿಂತಿತು. ಗೆದ್ದೆ ಅಂದುಕೊಂಡೆ.

ಒಂದು ಸಂಜೆ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಪಕ್ಕದಲ್ಲಿ ಕೂತು, “ಅವಳು ಏನಂದ್ಲು ಅಂತ ಹೇಳ್ತೀನಿ,” ಎಂದೆ. ಅವಳ ಕೈ ನಿಂತಿತು.

“ಚಳಿ ಆಗ್ತಿದೆ ಅಪ್ಪಾ ಅಂದ್ಲು. ಬೇಗ ಬಾ ಅಂದ್ಲು. ಅಮ್ಮಂಗೆ ಹೇಳು, ನಂಗೇನೂ ಕೋಪ ಇಲ್ಲ ಅಂದ್ಲು.”

ನನ್ನ ದನಿ ಒಂದಿಷ್ಟೂ ನಡುಗಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. “ನಿಜವಾಗ್ಲೂ ಅಂದ್ಲಾ? ನನ್ನಾಣೆ?”

ಜ್ಞಾಪಿಸಿಕೊಂಡೆ. ಚಳಿ ಎಂದ ದನಿ, ಕೋಪ ಇಲ್ಲ ಎಂದ ದನಿ, ಎರಡೂ ಮಗಳದೇ. ಎರಡರ ಹಿಂದೆಯೂ ಅದೇ ಗಾಡಿಗಳ ಸದ್ದು. ಯಾವುದು ಫೋನಿನಲ್ಲಿ ಬಂದದ್ದು, ಯಾವುದು ನಾನು ಹೇಳಿಸಿದ್ದು? ಎಷ್ಟು ತಿಣುಕಿದರೂ ಬೇರೆ ಮಾಡಲಾಗಲಿಲ್ಲ.

“ಅಂದ್ಲು ಕಣೆ,” ಎಂದೆ.

ಅವಳು ಬಟ್ಟೆಯ ರಾಶಿಯಲ್ಲಿ ಮುಖವಿಟ್ಟು, ಇಷ್ಟು ದಿನ ಹಿಡಿದಿಟ್ಟಿದ್ದನ್ನೆಲ್ಲ ಅತ್ತಳು. ಕೊನೆಗೆ ಮೂಗೊರೆಸಿಕೊಂಡು, “ಇನ್ನೊಂದ್ಸಲ ಹೇಳ್ರೀ,” ಎಂದಳು.

ಹೇಳಿದೆ. ಹೇಳುತ್ತಿದ್ದಂತೆ ಆ ಮಾತು ಇನ್ನಷ್ಟು ಗಟ್ಟಿಯಾಯಿತು. ಮಗಳು ನಿಜವಾಗಿ ಏನಂದಳೆಂದು ಬಲ್ಲವನು ಈ ಲೋಕದಲ್ಲಿ ನಾನೊಬ್ಬನಿದ್ದೆ. ಈಗ ಯಾರೂ ಇಲ್ಲ.