ನೂರಿಪ್ಪತ್ತು ನಿಂಬೆಯ ಪಾಲು

ಒಂದು ಜಾಡಿ ಉಪ್ಪುನಿಂಬೆಗೆ ಬೀಳುವ ಖರ್ಚು ಹೀಗೆ. ಹಣ್ಣು ಇನ್ನೂರ ನಲವತ್ತು. ಹಿತ್ತಿಲ ಮರದ್ದು, ಹಾಗಾಗಿ ಕಾಸಿಲ್ಲ. ಕಲ್ಲುಪ್ಪು ಎರಡು ಕಿಲೋ. ಅದಕ್ಕೆ ಎರಡು ಲೋಟ ಚಹಾದ ದುಡ್ಡು. ನಲವತ್ತು ದಿನದ ಬಿಸಿಲು ಪುಕ್ಕಟೆ. ದಿನಕ್ಕೆರಡು ಸಲ ಜಾಡಿ ಎತ್ತಿ ಕುಲುಕುವ ಹೆಂಗಸಿನ ಸೊಂಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ವರ್ಷ ಮಾತ್ರ ಇನ್ನೊಂದು ಬಾಬತ್ತು ಸೇರಿತು. ಜಾಡಿಯ ದೆಸೆಯಿಂದ ನಮ್ಮ ಮನೆಯ ಪಾಲು ಇಪ್ಪತ್ತಾರು ದಿನ ಮುಂದಕ್ಕೆ ಹೋಯಿತು.

ಮದುವೆಯಾಗಿ ಏಳು ವರ್ಷ ನಾನು ವಾರಗಿತ್ತಿಯ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದವಳು. ಬೀದಿಯವರಿಗೆಲ್ಲ ಅವರು ಉಪ್ಪಕ್ಕ. ಅವರು ಉಪ್ಪು ಹಾಕಿಟ್ಟದ್ದು ಯಾವುದೂ ಕೆಟ್ಟದ್ದಿಲ್ಲ. ಟೊಮೇಟೊ ಹೆಚ್ಚಾದರೆ ಸೀಳಿ ಒಣಗಿಸುತ್ತಿದ್ದರು, ಅವರೆ ಬಲಿತರೆ ಬಿಡಿಸಿ ಡಬ್ಬಿಗೆ ತುಂಬುತ್ತಿದ್ದರು. ಅಟ್ಟದ ಮೇಲೆ ಕುಂಬಳಕಾಯಿಗಳು ಒಂದಕ್ಕೊಂದು ತಾಗದಂತೆ ಸಾಲಾಗಿ ಕೂತಿರುತ್ತಿದ್ದವು. ಇದನ್ನೆಲ್ಲ ನಾನು ಮೆಚ್ಚುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಮೆಚ್ಚಿ ಮೆಚ್ಚಿ ಕತ್ತು ನೋವು ಬಂದಿತ್ತು. ನನಗೂ ಒಂದು ಒಲೆ ಬೇಕಿತ್ತು. ನನ್ನ ಕೈಯಲ್ಲೂ ಆಗುತ್ತದೆ ಎಂದು ತೋರಿಸಬೇಕಿತ್ತು.

ಅಣ್ಣತಮ್ಮಂದಿರು ಜಗಳವಾಡಲಿಲ್ಲ. ಭಾವ ಬಡಗಿ, ಮಹಡಿಯ ಕೋಣೆಗೆ ತಾವೇ ಕಪಾಟು ಮಾಡಿಕೊಟ್ಟರು. ಸರಕಿನ ವ್ಯಾನು ಓಡಿಸುವ ನಮ್ಮವರು ಒಲೆ ತಂದಿಟ್ಟರು. ಪಾತ್ರೆಪಗಡಗಳನ್ನು ನಾನೂ ಅಕ್ಕನೂ ಎದುರುಬದುರು ಕೂತು ಹಂಚಿಕೊಂಡೆವು. ಉಳಿದದ್ದು ನಿಂಬೆಯ ಜಾಡಿ ಒಂದೇ. ಅದಕ್ಕೆ ಉಪ್ಪು ಬಿದ್ದು ಹದಿನಾಲ್ಕು ದಿನವಾಗಿತ್ತು.

"ಈಗ ಬಾಯಿ ಬಿಚ್ಚೋ ಹಾಗಿಲ್ಲ," ಅಂದರು ಅಕ್ಕ.

"ಯಾರದ್ದೇ?" ಅಂದರು ಭಾವ.

"ಜಾಡೀದು. ನಿಮ್ಮದನ್ನ ಮುಚ್ಚಿಸೋಕೆ ನನ್ನಿಂದ ಎಲ್ಲಾಗುತ್ತೆ? ನಲವತ್ತು ದಿನ ಆಗ್ಲಿ, ಆಮೇಲೆ ಕೊಡ್ತೀನಿ."

'ಆಮೇಲೆ' ಎಂಬ ಮಾತು ನನಗೆ ಆಗುವುದಿಲ್ಲ. ತವರಿನಲ್ಲಿ ಹೀಗೇ ಆಮೇಲೆ ಕೊಡುತ್ತೇವೆ ಎಂದ ತಾಮ್ರದ ಹಂಡೆ ಇವತ್ತಿಗೂ ಬಂದಿಲ್ಲ.

"ಎಲ್ಲ ಒಂದೇ ದಿನ ಆಗ್ಬೇಕು ಅಕ್ಕಾ. ಜಾಡಿ ಹಂಚದೆ ನಾನು ಮೇಲೆ ಒಲೆ ಹಚ್ಚಲ್ಲ," ಅಂದೆ.

"ಹಚ್ಬೇಡ. ಈರುಳ್ಳಿ ಇನ್ನೂ ಇದೆ, ಹೆಚ್ಚು."

ಅವರು ಬಿಚ್ಚಲಿಲ್ಲ, ನಾನು ಹೊರಡಲಿಲ್ಲ. ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡು ಕೆಲಸಕ್ಕೆ ಹೋದರು.

ಆ ಇಪ್ಪತ್ತಾರು ದಿನ ನಾನು ಜಾಡಿಯನ್ನು ಪೊಲೀಸಿನವರ ಹಾಗೆ ಕಾದೆ. ಅಕ್ಕ ಬೆಳಿಗ್ಗೆ ಅದನ್ನು ಮಗು ಎತ್ತಿದಂತೆ ಸೊಂಟಕ್ಕಿಟ್ಟು ಬಿಸಿಲಿಗೆ ಒಯ್ಯುತ್ತಿದ್ದರು. ಮೊದಲು ಕೈ ಒರೆಸುವುದು, ಆಮೇಲೆ ಜಾಡಿಯ ಹೊರಮೈ ಒರೆಸುವುದು, ಮತ್ತೆ ಕೈ ಒರೆಸುವುದು. ಬಾಯಿಗೆ ಕಟ್ಟಿದ ಬಟ್ಟೆ ದಿನಾ ಒಗೆದದ್ದು. ಮುಚ್ಚಳ ತೆಗೆಯದೆ, ಕುಲುಕಿದಾಗ ಬರುವ ಸದ್ದಿನಲ್ಲೇ ಒಳಗೆ ಎಷ್ಟು ರಸ ಬಿಟ್ಟಿದೆ ಎಂದು ಹೇಳುತ್ತಿದ್ದರು. ಜ್ವರ ಬಂದ ದಿನವೂ ಗೋಡೆ ಹಿಡಿದುಕೊಂಡು ಬಂದು ಕುಲುಕಿ ಹೋದರು. "ನಾನು ಕುಲುಕ್ಲಾ?" ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ.

ನಲವತ್ತನೆಯ ದಿನ ಬಟ್ಟೆ ಬಿಚ್ಚಿದರು. ವಾಸನೆಗೇ ಬಾಯಲ್ಲಿ ನೀರು. ಅಕ್ಕ ಒಂದು ಹಣ್ಣಿನ ಸಿಪ್ಪೆಯನ್ನು ಎರಡು ಬೆರಳಲ್ಲಿ ಒತ್ತಿ, "ಬೆಣ್ಣೆ ಆಗಿದೆ, ತಗೋ," ಅಂದರು.

"ಎಣಿಸಿ ತಗೋತೀನಿ."

"ಎಣಿಸು. ನಾನೇನು ಅಡ್ಡ ಬರ್ತೀನಾ?"

ರಸದಲ್ಲಿ ಎಣಿಸುವುದು ಕಷ್ಟ. ಒಣಗಿದ ಜಾಲರಿ ಸೌಟಿನಲ್ಲಿ ಒಂದೊಂದನ್ನೇ ಎತ್ತಿ, ಸೋಸಿ, ನನ್ನ ಗಾಜಿನ ಬಾಟಲಿಗಳಿಗೆ ಹಾಕಿದೆ. ನೂರಿಪ್ಪತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ರಸ ಬೇಡ್ವಾ?" ಅಂದರು ಅಕ್ಕ.

"ಇರ್ಲಿ ಬಿಡಿ. ಉಪ್ಪುನೀರಿಗೇನು, ನಮ್ಮನೇಲೂ ಉಪ್ಪಿದೆ, ನೀರಿದೆ."

ಅಕ್ಕ ನನ್ನ ಮುಖವನ್ನೊಮ್ಮೆ ನೋಡಿ ಜಾಡಿಗೆ ಬಟ್ಟೆ ಕಟ್ಟಿದರು.

ಅವತ್ತೇ ಒಲೆ ಹಚ್ಚಿದೆ. ಮೊದಲ ಅನ್ನ ಕೊಂಚ ತಳ ಹತ್ತಿತು. ನಮ್ಮವರು ಮಾತಾಡದೆ ಉಂಡರು. ಏಳು ವರ್ಷದಲ್ಲಿ ಅಷ್ಟು ಕಲಿತಿದ್ದರು. ಐದನೆಯ ದಿನ ಬಾಟಲಿ ತೆಗೆದರೆ ಮೇಲಿನ ಹಣ್ಣುಗಳು ಚರ್ಮದಂತೆ ಒಣಗಿ, ಅಂಚಿಗೆ ಬಿಳಿ ಬೂಸ್ಟು ಹಿಡಿದಿತ್ತು. ಲೋಟದಲ್ಲಿ ನೀರಿಗೆ ಉಪ್ಪು ಕದಡಿದೆ. ಸುರಿಯಲು ಕೈ ಬಾಗಿಸಿದೆ. ಆಗ ನೆನಪಾಯಿತು: ಆ ಹೆಂಗಸು ಇಪ್ಪತ್ತಾರು ದಿನ ಒಂದು ಹನಿ ನೀರು ತಾಗಬಾರದೆಂದು ಎಷ್ಟು ಸಲ ಕೈ ಒರೆಸಿಕೊಂಡಿದ್ದಾರೆ! ನಾನು ಲೋಟಗಟ್ಟಲೆ ಸುರಿಯಲು ಹೊರಟಿದ್ದೆ. ಲೋಟ ಕೆಳಗಿಟ್ಟೆ.

ಹದಿನಾಲ್ಕು ಮೆಟ್ಟಿಲು ಇಳಿಯಲು ಅರ್ಧ ಗಂಟೆ ಬೇಕಾಯಿತು. ರಸ ಕೇಳಿದರೆ ನನ್ನ ಅಡುಗೆಮನೆ ಐದೇ ದಿನದಲ್ಲಿ ಸೋತಂತೆ, ಕೇಳದಿದ್ದರೆ ಹಣ್ಣಷ್ಟೂ ಹೋದಂತೆ. ಕೊನೆಗೆ ಜರಡಿ ಕೇಳುವ ನೆಪ ಹಿಡಿದು ಇಳಿದೆ.

ಅಕ್ಕ ಅವರೆಕಾಯಿ ಬಿಡಿಸುತ್ತಿದ್ದರು. "ಜರಡಿ ಇದ್ಯಾ ಅಕ್ಕಾ?"

ಅವರು ತಲೆ ಎತ್ತಲಿಲ್ಲ. "ಜರಡಿ ಮೊಳೇಲಿದೆ. ಅದರ ಕೆಳಗೆ ಬಾಟ್ಲು, ಅದನ್ನೂ ತಗೊಂಡು ಹೋಗು. ನಿನ್ನ ಪಾಲಿನ ರಸ."

ದೊಡ್ಡ ಬಾಟಲಿ, ಕತ್ತಿನವರೆಗೆ ಹೊಂಬಣ್ಣದ ಗಟ್ಟಿ ರಸ. ಬಿಗಿಯಾದ ಬಿರಡೆ. ನನ್ನ ಕಣ್ಣು ತುಂಬಿತು, ಸಿಟ್ಟೂ ಬಂತು.

"ಗೊತ್ತಿದ್ದೂ ಅವತ್ತೇ ಯಾಕೆ ಹೇಳ್ಲಿಲ್ಲ?"

"ಕೇಳಿದ್ನಲ್ಲ, ರಸ ಬೇಡ್ವಾ ಅಂತ. ನೀನು ನಿಮ್ಮನೆ ಉಪ್ಪು ತೋರಿಸ್ದೆ."

"ಮೇಲೆ ಬಂದಾದ್ರೂ ಹೇಳ್ಬಹುದಿತ್ತು."

ಅಕ್ಕ ಆಗ ತಲೆ ಎತ್ತಿದರು. "ಒಲೆ ಹಚ್ಚಿದ ಮಾರನೇ ದಿನಾನೇ ನಾನು ಬಂದು ಮೂಗು ತೂರಿಸಿದ್ರೆ ಅದು ನಿನ್ನ ಅಡುಗೆಮನೆ ಹೇಗಾಗುತ್ತೆ ಹೇಳು? ನನ್ನದೇ ಆಗುತ್ತೆ, ಮಹಡಿ ಮೇಲಿನದು ಅಷ್ಟೆ. ನಮ್ಮತ್ತೆ ನಂಗೆ ಹಾಗೆ ಮಾಡಿದ್ರು. ಹನ್ನೊಂದು ವರ್ಷ." ಒಂದು ಕಾಯಿ ಬಿಡಿಸಿದರು. "ಎಷ್ಟು ಹೋಯ್ತು?"

"ಒಂದಿಪ್ಪತ್ತು ಇರ್ಬಹುದು."

"ನಂದು ಮೊದಲ ಸಲ ಜಾಡಿಗೆ ಜಾಡಿನೇ ಹೋಗಿತ್ತು. ನಿಮ್ಮ ಭಾವಂಗೆ ಹೇಳ್ಬೇಡ, ಇಲಿ ಬಿತ್ತು ಅಂದಿದ್ದೆ. ಹೋಗು, ಬೂಸ್ಟು ಹಿಡಿದಿದ್ದು, ಅದಕ್ಕೆ ತಾಗಿದ್ದು ಎಲ್ಲ ಎಸಿ. ಬೇರೆ ಬಾಟ್ಲಿಗೆ ಹಾಕು. ಹಣ್ಣು ಮುಳುಗ್ಬೇಕು, ಅಷ್ಟೇ ಲೆಕ್ಕ."

ಇಪ್ಪತ್ತೆರಡು ಹಣ್ಣು ಗೊಬ್ಬರದ ಗುಂಡಿಗೆ ಹೋದವು. ತೊಂಬತ್ತೆಂಟು ಉಳಿದು, ಮುಂದಿನ ಫಸಲು ಬರುವವರೆಗೆ ಬಂದವು. ಅಕ್ಕ ಮಹಡಿ ಹತ್ತಿದ್ದು ನಾನು ಊಟಕ್ಕೆ ಕರೆದ ದಿನವೇ, ಅದಕ್ಕೆ ಮೊದಲು ಒಮ್ಮೆಯೂ ಇಲ್ಲ.