ಒಡೆದ ಉಗುರಿನ ಬೆಳ್ಳಿ ಬೆರಳು

ಶಾಲೆ ಬಿಟ್ಟ ಕತ್ತೆ, ಸ್ವಂತ ಅಜ್ಜನ ಹೆಸರನ್ನೇ ತಲೆಕೆಳಗೆ ಕೆತ್ತಿದ್ದಾನೆ ನೋಡ್ರಪ್ಪ, ಅಂತ ನಹುಮ್ ಮೇಷ್ಟ್ರು ನನ್ನ ಬೆಳ್ಳಿಕಡ್ಡಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದಾರೆ, ಅದರ ತುದಿಯ ಪುಟ್ಟ ಬೆರಳಿಗೆ ಬಿಸಿಲು ಬಿದ್ದು ಬೆಳಕು ನಾವು ಕೂತು ಕೆಲಸ ಮಾಡುವ ಮ್ಯೂಸಿಯಂ ಗೋಡೆಯ ಮೇಲೆ ಕುಣಿಯುತ್ತಿದೆ, ಎಷ್ಟು ಚೆಂದ ಕುಣಿಯುತ್ತಿದೆ, ನಾನು ಮಾಡಿದ್ದು ಅದು, ಈ ಕೈ ಮಾಡಿದ್ದು — ತೆಲ್ ಅವೀವಿನಿಂದ ನೋಡಲು ಬಂದವರು ನಗುತ್ತಿದ್ದಾರೆ, ಮೂಲೆಯಲ್ಲಿ ಕಸೂತಿ ಹಾಕುವ ನದ್ರಾ ಅಜ್ಜಿ ಸೂಜಿ ನಿಲ್ಲಿಸಿ, ಏ ನಹುಮ್, ನಿನ್ನ ನಾಲಿಗೆಗೆ ಖಾರದ ಚಟ್ನಿ ಸವರಬೇಕು ಕಣೋ ಅಂದಳು, ಅದಕ್ಕೂ ನಕ್ಕರು. ನನ್ನ ಕಿವಿಯೊಳಗೆ ಊದುಕೊಳವೆಯ ಬೆಂಕಿ ಭುಸುಗುಡುತ್ತಿದೆ. ಮೂರು ತಿಂಗಳು, ಕೂದಲಿನಷ್ಟು ತೆಳು ತಂತಿ ಎಳೆದು, ಹೊಸೆದು, ಬಿಳಿಗಾರ ಸವರಿ, ಬೆಸೆದು, ತುದಿಯ ಬೆರಳಿಗೆ ಅಜ್ಜನ ಉಗುರನ್ನೇ ಬೆಳ್ಳಿಯಲ್ಲಿ ಮಾಡಿ ಕೂರಿಸಿದ್ದೆ, ನಡುವೆ ಉದ್ದಕ್ಕೆ ಒಡೆದಿತ್ತಲ್ಲ ಆ ಉಗುರು, ಯೆಮನ್‌ನಲ್ಲಿ ಸುತ್ತಿಗೆ ಬಿದ್ದು ಒಡೆದದ್ದು, ಸಾಯುವ ತನಕ ಕೂಡಲಿಲ್ಲ — ನಮ್ಮ ಯೆಹೂದಿಗಳ ಧರ್ಮಗ್ರಂಥ, ತೋರಾ ಸುರುಳಿಯನ್ನು ಬರಿಗೈಲಿ ಮುಟ್ಟುವಂತಿಲ್ಲ, ಸಾಲಿನ ಮೇಲೆ ಬೆಳ್ಳಿಯ ಬೆರಳೇ ನಡೆಯಬೇಕು, ಅದು ಅಜ್ಜನದೇ ಬೆರಳಾಗಲಿ ಅಂತ. ನಾಳೆ ಶನಿವಾರ, ಸಬ್ಬತ್, ಕೆಲಸ ಮುಟ್ಟದ ದಿನ, ಅಜ್ಜ ಹೋಗಿ ನಾಳೆಗೆ ವರ್ಷ, ನಾಳೆ ನನ್ನನ್ನು ಸುರುಳಿಯ ಮುಂದೆ ಕರೆಯುತ್ತಾರೆ, ನಮ್ಮಲ್ಲಿ ಕರೆದವನೇ ಓದಬೇಕು, ಅವನ ಪರವಾಗಿ ಇನ್ನೊಬ್ಬ ಓದುವುದಿಲ್ಲ. ಕರಗಿಸು ಇದನ್ನ, ನಾಳೆ ಹಳೇದರಲ್ಲೇ ಓದು ಅಂತಾರೆ ಮೇಷ್ಟ್ರು, ಅಕ್ಷರದ ತಲೆ ಬೆರಳ ಕಡೆ ಇರಬೇಕು, ಇಲ್ಲಿ ಕಾಲು ಅತ್ತ ಇವೆ, ಹಿಡಿದವನಿಗೆ ಎಲ್ಲಾ ಉಲ್ಟಾ — ಹೌದು ಉಲ್ಟಾ, ಈಗ ಕಾಣುತ್ತಿದೆ, ಕೆತ್ತುವಾಗ ಒಂದು ಕ್ಷಣವೂ ಕಾಣಲಿಲ್ಲ, ಯಾಕೆ ಕಾಣಲಿಲ್ಲ, ಹನ್ನೊಂದನೇ ವಯಸ್ಸಿನಲ್ಲಿ ಇದೇ ಮೇಷ್ಟ್ರು ಇದೇ ದನಿಯಲ್ಲಿ, ಪಿನ್ಹಾಸ್, ಪುಸ್ತಕ ತಿರುಗಿಸಿ ಹಿಡಿ, ನೀನೇನು ಬಾವಲಿಯಾ ಅಂದಿದ್ದರು, ತರಗತಿ ನಕ್ಕಿತ್ತು, ನಾನು ಎದ್ದು ಬಂದವನು ಮತ್ತೆ ಹೋಗಲಿಲ್ಲ. ಅದಕ್ಕೂ ಮುಂಚೆ, ಯೆಮನ್ ಬಿಟ್ಟು ಬಂದ ಹೊಸತರಲ್ಲಿ, ಡೇರೆಯಲ್ಲಿ ಒಂದೇ ಪುಸ್ತಕ, ಸುತ್ತ ಐದು ಮಕ್ಕಳು, ಅಜ್ಜ ಒಂದು ಕಡೆ, ನಾನು ಎದುರುಗಡೆ, ಪುಸ್ತಕದ ಆಚೆ ಬದಿಯಿಂದ ಆ ಒಡೆದ ಉಗುರು ಸಾಲು ಸಾಲಾಗಿ ನನ್ನ ಕಡೆಗೇ ಬರುತ್ತಿತ್ತು, ನನಗೆ ಅಕ್ಷರ ಅಂದರೆ ಹಾಗೇ, ತಲೆ ಕೆಳಗೆ, ಕಾಲು ಮೇಲೆ, ಅದೇ ನೆಟ್ಟಗೆ. ಕೊಡಿಲ್ಲಿ ನೋಡೋಣ, ಅಂತ ಮುಸಾ ತಾತ ಕೋಲೂರಿಕೊಂಡು ಎದ್ದ, ಎಂಬತ್ತು ದಾಟಿದವನು, ಯೆಮನ್‌ನಲ್ಲಿ ಅಜ್ಜನ ಜೊತೆ ಒಂದೇ ಚಾಪೆಯಲ್ಲಿ ಕೂತು ಕಲಿತವನು, ಕಡ್ಡಿಯನ್ನು ಓದುವವನು ಹಿಡಿಯುವ ಹಾಗೇ ಹಿಡಿದ, ಕಣ್ಣು ಕಿರಿದು ಮಾಡಲಿಲ್ಲ, ತಿರುಗಿಸಲಿಲ್ಲ, ಅಜ್ಜನ ಹೆಸರನ್ನು ಗಡಗಡ ಓದಿಬಿಟ್ಟ, ಹಯೀಮನ ಮಗ ಸಾಲಿಮ್, ಬೆಳ್ಳಿ ಕೆಲಸದವನು. ಸರಿಯಾಗೇ ಇದೆಯಲ್ಲೋ ನಹುಮ್, ಎಲ್ಲಿ ತಪ್ಪು, ನಂಗೇನೂ ಕಾಣ್ತಿಲ್ವೇ. ಅಯ್ಯೋ ತಾತ, ನೀನೂನಾ! ನೀನೂ ಎದುರುಗಡೆ ಕೂತವನಾ! ಮೇಜು ಹತ್ತಿ ಕುಣಿಯಬೇಕು, ಮೇಷ್ಟ್ರ ಕನ್ನಡಕ ಕಿತ್ತು ಕೂಗಬೇಕು, ನಾನು ತಪ್ಪು ಕಲಿಯಲಿಲ್ಲ, ಪುಸ್ತಕ ಒಂದೇ ಇತ್ತು, ಕೂತ ಜಾಗ ಬೇರೆ ಇತ್ತು — ಮೇಷ್ಟ್ರು ಬಿಡಲೊಲ್ಲರು, ಏನೋ ನಿಂತೆ, ಒಲೆ ಹಚ್ಚು, ಹೊತ್ತು ಮುಳುಗಿದರೆ ಸಬ್ಬತ್ ಶುರು, ಬೆಂಕಿ ಮುಟ್ಟೋ ಹಾಗಿಲ್ಲ, ಉತ್ತರ ಕೊಡೋ ಅಂತಾರೆ, ಹಿಂದೆ ನದ್ರಾ ಅಜ್ಜಿ ಕಿಸಕ್ಕನೆ ನಗುತ್ತಾಳೆ, ತಾತ ಕಡ್ಡಿಯನ್ನು ನನ್ನ ಅಂಗೈಯಲ್ಲಿ ಇಡುತ್ತಾನೆ, ಬೆಚ್ಚಗಿದೆ, ಬಟ್ಟೆಯಲ್ಲಿ ಸುತ್ತಿ ಅಂಗಿಯೊಳಗೆ ಸಿಕ್ಕಿಸಿಕೊಂಡೆ, ಬಾಗಿಲು, ಬಿಸಿಲು, ಪ್ರಾರ್ಥನಾ ಮಂದಿರದ ದಾರಿ, ಹಿಂದೆ ನನ್ನ ಹೆಸರು ಕೂಗುತ್ತಿದ್ದಾರೆ, ಕೂಗಲಿ, ನಾಳೆ ಇದರಲ್ಲೇ ಓದುತ್ತೇನೆ, ಹೀಗೇ, ಕಾಲು ಓಡುತ್ತಿವೆ, ಬೆಳ್ಳಿ ಎದೆಗೆ ಚುಚ್ಚುತ್ತಿದೆ, ಆ ಉಗುರು, ಪುಸ್ತಕದ ಆಚೆ ಬದಿಯಿಂದ, ಸಾಲಿನ ಮೇಲೆ, ನನ್ನ ಕಡೆಗೇ, ಆ ಒಡೆದ ಉಗುರು —