ಜಾಜಿನ ಗೆರೆ

"ಒಡೀಲಾ ಬೇಡ್ವಾ ಅಮ್ಮ, ಹೇಳ್ಬಿಡಿ" ಎಂದು ಕಲ್ಲುಕುಟಿಗ ಕೊಂಡಪ್ಪ ಅಮ್ಮಾಜಮ್ಮನನ್ನು ಮೂರನೆಯ ಸಲ ಕೇಳಿದ. ಅಂಬಾಜಿದುರ್ಗದ ಕಡೆಯಿಂದ ಗಾಡಿಯ ಮೇಲೆ ಬಂದ ಚಪ್ಪಡಿ ಬಾವಿಕಟ್ಟೆಯ ಪಕ್ಕ ಮಲಗಿತ್ತು. ಆರು ಅಡಿ ಉದ್ದ, ಮೂರು ಅಡಿ ಅಗಲ. ನಟ್ಟನಡುವೆ ಅವನು ಕೆಮ್ಮಣ್ಣಿನ ಜಾಜಿನಲ್ಲಿ ಕೆಂಪು ಗೆರೆ ಎಳೆದಿದ್ದ.

ಶಿಡ್ಲಘಟ್ಟದ ಆ ವಠಾರದಲ್ಲಿ ಮೂರು ಮನೆಗಳು; ಒಂದರಲ್ಲಿ ಒಡತಿ ಅಮ್ಮಾಜಮ್ಮ, ಉಳಿದೆರಡು ಬಾಡಿಗೆಗೆ. ಅದುವರೆಗೆ ಎಲ್ಲರೂ ಕೆರೆಗೆ ಹೋಗಿ ಬಟ್ಟೆ ಒಗೆಯುತ್ತಿದ್ದರು. ಅರವತ್ತೆರಡರ ಬೇಸಿಗೆಯಲ್ಲಿ ಕೆರೆಯಂಚು ಬರೀ ಕೆಸರಾದಾಗ, ಅಂಗಳದಲ್ಲೇ ಒಗೆಯುವ ಕಲ್ಲು ಹಾಕಿಸುತ್ತೇನೆಂದು ಆಕೆ ಮಾತು ಕೊಟ್ಟಿದ್ದಳು. ಎಲ್ಲರಿಗೂ ಒಂದೇ ಕಲ್ಲು ಎಂಬುದು ಆಕೆಯ ಲೆಕ್ಕ. ಗುಮಾಸ್ತರ ಹೆಂಡತಿ ಶ್ಯಾಮಲಮ್ಮ ಒಪ್ಪಲಿಲ್ಲ.

"ಆಂಜಿನಮ್ಮ ಒಗ್ದಿರೋ ಕಲ್ ಮೇಲೆ ನಮ್ಮೆಜಮಾನ್ರ ಆಫೀಸ್ ಶರ್ಟು ಹೆಂಗೆ ಒಗೀಲಿ? ಬೆಂದ ಹುಳದ ವಾಸ್ನೆ. ಕಲ್ಲು ಎರಡು ಮಾಡಿ, ಅವಳದ್ದು ಮೋರಿ ಆಚೆ ಹಾಕ್ಸಿ. ಇಲ್ದಿದ್ರೆ ನಾವು ಬೇರೆ ಮನೆ ನೋಡ್ಕೋತೀವಿ."

ಶ್ಯಾಮಲಮ್ಮ ಐದು ವರ್ಷದಿಂದ ಇದ್ದವಳು. ಅಮ್ಮಾಜಮ್ಮನಿಗೆ ಟೈಫಾಯ್ಡ್ ಬಂದಾಗ ಇಪ್ಪತ್ತು ದಿನ ಗಂಜಿ ಕಾಯಿಸಿ ಕೊಟ್ಟವಳು.

ಕೊನೆಯ ಮನೆಯ ಬಾಗಿಲಲ್ಲಿ ಆಂಜಿನಮ್ಮ ನಿಂತಿದ್ದಳು. ದಿನವಿಡೀ ಕುದಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹಿಡಿಯುವ ಕೆಲಸ. ಬೆರಳ ತುದಿಗಳು ಬೆಳ್ಳಗೆ ಉಬ್ಬಿದ್ದವು. "ಆಚೆಗೇ ಹಾಕ್ಸಿಬಿಡಮ್ಮ. ಒಂದಿಷ್ಟು ದೂರ ನೀರು ಹೊರೋದು ತಾನೆ" ಎಂದಳು.

ಅಮ್ಮಾಜಮ್ಮ ಬಾವಿಕಟ್ಟೆ ಹತ್ತಿದಳು. ಒಂದು ಬಿಂದಿಗೆ ನೀರು ಸೇದಿ, ಸೊಂಟಕ್ಕಿಟ್ಟುಕೊಂಡು ಮೋರಿಯಾಚೆಗೆ ನಡೆದಳು. ಅಷ್ಟೇ ನಿಧಾನವಾಗಿ ಹಿಂದಕ್ಕೆ ಬಂದಳು.

"ಮೂವತ್ತೆಂಟು ಹೆಜ್ಜೆ. ಒಂದು ಸಲದ ಒಗೆತಕ್ಕೆ ಹತ್ತು ಬಿಂದಿಗೆ ಬೇಕು. ಒಡಿಯಪ್ಪ ಕೊಂಡಪ್ಪ, ಎರಡೇ ಆಗ್ಲಿ. ವಾಸ್ನೆ ಯಾರಿಗೆ ತಡ್ಕೊಳಕ್ಕಾಗಲ್ವೋ ಅವರು ಆಚೆ ಹೋಗ್ಲಿ."

"ನಾನಾ?" ಎಂದಳು ಶ್ಯಾಮಲಮ್ಮ.

"ಮೂಗು ನಿಂದೇ ಅಲ್ವೇನಮ್ಮ?"

ಕೊಂಡಪ್ಪ ನಗು ಬಂದದ್ದನ್ನು ಕೆಮ್ಮಿ ಮುಚ್ಚಿಕೊಂಡ. ಉಳಿಯನ್ನು ಗೆರೆಯ ಮೇಲೆ ಇಟ್ಟು ಸುತ್ತಿಗೆ ಎತ್ತಿದ. ಶ್ಯಾಮಲಮ್ಮ ಬಿಂದಿಗೆಯನ್ನು ನೋಡಿದಳು, ಮೋರಿಯನ್ನು ನೋಡಿದಳು.

"ತಾಳಪ್ಪ. ಒಂದೇ ಇರ್ಲಿ. ಆದ್ರೆ ಮೊದ್ಲು ನಾನೇ ಒಗೆಯೋದು."

"ಒಗಿ. ನಿನ್ನ ಹಿಂದೆ ಅವಳು, ಆಮೇಲೆ ನಾನು" ಎಂದಳು ಅಮ್ಮಾಜಮ್ಮ.

ಮಾರನೆಯ ದಿನ ಬೆಳಿಗ್ಗೆ ಯಾರಿಗೂ ಕಲ್ಲಿನ ಮೇಲೆ ಉಳಿದಿದ್ದ ಜಾಜಿನ ಗೆರೆಯ ನೆನಪಿರಲಿಲ್ಲ. ನೆನೆಸಿದ ಬಿಳಿ ಶರ್ಟನ್ನು ಶ್ಯಾಮಲಮ್ಮ ನಾಲ್ಕು ಬಾರಿ ಕುಕ್ಕಿ ಎತ್ತಿದಾಗ ಬೆನ್ನ ಉದ್ದಕ್ಕೂ ಕೆಂಪು ಪಟ್ಟೆ. ಆಕೆ ಅದನ್ನು ಬೆರಳಿನಿಂದ ಉಜ್ಜತೊಡಗಿದಳು.

"ಉಜ್ಜಬೇಡಿ ಅಕ್ಕ, ಇನ್ನೂ ಹತ್ತುತ್ತೆ" ಎಂದು ಆಂಜಿನಮ್ಮ ತನ್ನ ಬಟ್ಟೆಯ ಗಂಟನ್ನು ಕೆಳಗಿಟ್ಟು ಬಂದಳು. ಎರಡು ಬಿಂದಿಗೆ ನೀರು ಸುರಿದು, ಶರ್ಟಿನ ಒಂದು ತುದಿ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಶ್ಯಾಮಲಮ್ಮ ಇನ್ನೊಂದು ತುದಿ ಹಿಡಿದು ತಿರುಚಿದಳು.

ಅಮ್ಮಾಜಮ್ಮ ತನ್ನ ಸೀರೆಗಳನ್ನು ಮಡಿಲಲ್ಲಿಟ್ಟುಕೊಂಡು ಸರದಿಗೆ ಕಾಯುತ್ತಾ ಕಟ್ಟೆಯ ಮೇಲೆ ಕೂತಿದ್ದಳು. ಕೆಂಪು ನೀರು ಕಲ್ಲಿನಿಂದಿಳಿದು ಮೋರಿಯ ಕಡೆಗೆ ಹರಿಯಿತು.